ಮೂರು ಆಯಾಮದ ಮಾದರಿಗಳ ಸಾಗಾಟ: ಯಾವುದು ದಾಟುತ್ತದೆ, ಯಾವುದು ಕಳಚುತ್ತದೆ

ಮೂರು ಆಯಾಮದ ಮಾದರಿಯನ್ನು ಕಟ್ಟುವ ತಂತ್ರಾಂಶ ಬೇರೆ, ಅದರ ಮೇಲೆ ಬೆಳಕು ಬೀಳಿಸಿ ಚಿತ್ರವಾಗಿ ಹೊರತೆಗೆಯುವ ತಂತ್ರಾಂಶ ಬೇರೆ. ಮಾಯಾ, ತ್ರೀಡಿಎಸ್ ಮ್ಯಾಕ್ಸ್, ಬ್ಲೆಂಡರ್, ರೈನೋ, ಸ್ಕೆಚ್‌ಅಪ್ ಇವೆಲ್ಲ ಮೊದಲ ಗುಂಪಿನವು. ರೆಂಡರ್‌ಮ್ಯಾನ್, ಆರ್ನಾಲ್ಡ್, ವಿ-ರೇ ಎರಡನೆಯವು. ಅನ್‌ರಿಯಲ್, ಯೂನಿಟಿಯಂಥ ಗೇಮ್ ಎಂಜಿನ್‌ಗಳನ್ನೂ ಇದೇ ಸಾಲಿಗೆ ಸೇರಿಸಬಹುದು. ಎರಡೂ ಕೆಲಸ ಒಂದೇ ಸೂರಿನಡಿ ನಡೆಯುವುದೂ ಉಂಟು. ಬ್ಲೆಂಡರ್‌ನೊಳಗೇ ಸೈಕಲ್ಸ್ ಎಂಬ ರೆಂಡರರ್ ಇದೆ. ಆದರೂ ಒಂದೇ ತಂತ್ರಾಂಶದಲ್ಲಿ ಹುಟ್ಟಿ ಅದರಲ್ಲೇ ಮುಗಿಯುವ ದೊಡ್ಡ ಕೆಲಸ ಅಪರೂಪ. ಕೆತ್ತನೆಗೆ ಝೀಬ್ರಷ್, ಬಣ್ಣಕ್ಕೆ ಸಬ್‌ಸ್ಟೆನ್ಸ್ ಪೇಂಟರ್, ಹೊಗೆ ಬೆಂಕಿ ನೀರಿಗೆ ಹುಡಿನಿ ಎಂದು ಮಾದರಿ ಹಲವು ಕೈ ದಾಟುತ್ತದೆ. ಒಂದು ಕಡೆ ಎಕ್ಸ್‌ಪೋರ್ಟ್ ಮಾಡಿ ಇನ್ನೊಂದು ಕಡೆ ಇಂಪೋರ್ಟ್ ಮಾಡಿದಾಗಲೆಲ್ಲ ಏನಾದರೊಂದು ಕಳೆದುಹೋಗುತ್ತದೆ.

ಕಳೆದುಹೋಗುವುದಕ್ಕೆ ಕಾರಣ, ಮಾದರಿ ಎಂಬುದು ಒಂದೇ ವಸ್ತುವಲ್ಲ. ಆಕಾರ, ಅದರ ಮೇಲೆ ಚಿತ್ರ ಹೊದಿಸಲು ಬೇಕಾದ ಯುವಿ ನಕ್ಷೆ, ಮೇಲ್ಮೈ ಬೆಳಕಿಗೆ ಹೇಗೆ ಸ್ಪಂದಿಸಬೇಕೆಂದು ಹೇಳುವ ಮೆಟೀರಿಯಲ್, ಬಿಡಿಭಾಗಗಳ ಜೋಡಣೆ, ಚಲನೆ, ದೀಪ, ಕ್ಯಾಮೆರಾ ಎಲ್ಲವೂ ಅದರಲ್ಲಿ ಅಡಕವಾಗಿವೆ. ಇವುಗಳಲ್ಲಿ ಆಕಾರ ಹೆಚ್ಚುಕಡಿಮೆ ಸುರಕ್ಷಿತವಾಗಿ ದಾಟುತ್ತದೆ. ಚಲನೆ ಅರ್ಧ ದಾಟುತ್ತದೆ. ಮೆಟೀರಿಯಲ್ ಬಹುತೇಕ ದಾಟುವುದೇ ಇಲ್ಲ. ನಲವತ್ತು ವರ್ಷಗಳಲ್ಲಿ ಬಂದ ಫೈಲ್ ಫಾರ್ಮ್ಯಾಟ್‌ಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೂ ಈ ಶ್ರೇಣಿ ಬದಲಾಗಿಲ್ಲ.

ಆಕಾರದಲ್ಲೂ ಜಾತಿಗಳಿವೆ. 1975ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ನ್ಯೂವೆಲ್ ರೂಪಿಸಿದ ಚಹಾ ಕುಡಿಕೆಯ ಮಾದರಿ ಕಂಪ್ಯೂಟರ್ ಗ್ರಾಫಿಕ್ಸ್ ಓದಿದವರಿಗೆಲ್ಲ ಪರಿಚಿತ. ಅದು ತ್ರಿಕೋನಗಳಿಂದ ಕಟ್ಟಿದ್ದಲ್ಲ. ಬೆಜಿಯೆ ಎಂಬ ವಕ್ರ ಪಟ್ಟಿಗಳಿಂದ ಕಟ್ಟಿದ್ದು. ಈಗ ಚಾಲ್ತಿಯಲ್ಲಿರುವ ರೂಪದಲ್ಲಿ ಅಂಥ 32 ಪಟ್ಟಿಗಳಿವೆ, ಒಂದೊಂದಕ್ಕೂ 16 ನಿಯಂತ್ರಣ ಬಿಂದುಗಳು. ಅಷ್ಟು ಸಂಖ್ಯೆಗಳಿದ್ದರೆ ಕುಡಿಕೆಯನ್ನು ಎಷ್ಟು ಹತ್ತಿರದಿಂದ ನೋಡಿದರೂ ನುಣುಪಾಗಿಯೇ ಕಾಣುತ್ತದೆ. ಅದನ್ನೇ ತ್ರಿಕೋನಗಳಿಗೆ ಇಳಿಸಿದರೆ ಅಂಚಿನಲ್ಲಿ ಮೂಲೆಗಳು ಎದ್ದು ಕಾಣುತ್ತವೆ. ಮೂಲೆ ಕಾಣಬಾರದೆಂದರೆ ತ್ರಿಕೋನಗಳ ಸಂಖ್ಯೆ ಸಾವಿರಗಟ್ಟಲೆ ಏರಬೇಕು. ರೈನೋ ಮತ್ತು ಕಾರ್ಖಾನೆಗಳ ಕ್ಯಾಡ್ ತಂತ್ರಾಂಶಗಳು ಇಂಥ ವಕ್ರಗಳ ಮುಂದುವರಿದ ರೂಪವಾದ ನರ್ಬ್ಸ್ ಬಳಸುತ್ತವೆ. ರೆಂಡರರ್‌ಗಳಿಗೆ ಬೇಕಾದದ್ದು ಹೆಚ್ಚಾಗಿ ತ್ರಿಕೋನಗಳ ಮೆಶ್. ವಕ್ರದಿಂದ ಮೆಶ್‌ಗೆ ಹೋಗುವುದು ಒಮ್ಮುಖ ದಾರಿ. ಮೆಶ್‌ನಿಂದ ಮೂಲ ವಕ್ರವನ್ನು ಮರಳಿ ಪಡೆಯುವ ಉಪಾಯಗಳಿವೆಯಾದರೂ ಅವು ಊಹೆಯ ಲೆಕ್ಕಗಳು.

ಮೊದಲ ವಿನಿಮಯ ಫಾರ್ಮ್ಯಾಟ್‌ಗಳು ಬಂದದ್ದು ಸಿನಿಮಾದಿಂದಲ್ಲ, ವಿಮಾನ ಮತ್ತು ಯಂತ್ರೋದ್ಯಮದಿಂದ. ಬೋಯಿಂಗ್, ಜನರಲ್ ಎಲೆಕ್ಟ್ರಿಕ್ ಮತ್ತು ಅಮೆರಿಕದ ಮಾನಕ ಸಂಸ್ಥೆ ಕೂಡಿ ರೂಪಿಸಿದ ಐಜಿಇಎಸ್ 1980ರಲ್ಲಿ ಪ್ರಕಟವಾಯಿತು. ಅದರ ಉತ್ತರಾಧಿಕಾರಿಯಾದ ಸ್ಟೆಪ್, ಅಂದರೆ ಐಎಸ್ಒ 10303, ಮೊದಲು 1994ರಲ್ಲಿ ಬಂತು. ಇವೆರಡೂ ವಕ್ರಗಳನ್ನು ವಕ್ರಗಳಾಗಿಯೇ ಸಾಗಿಸುತ್ತವೆ. ಕಟ್ಟಡದ ನಕ್ಷೆಗಳಿಗೆ ಆಟೋಡೆಸ್ಕ್‌ನ ಡಿಎಕ್ಸ್‌ಎಫ್ 1982ರಲ್ಲಿ ಆಟೋಕ್ಯಾಡ್ ಜೊತೆಗೇ ಹುಟ್ಟಿತು. 1987ರ ಎಸ್‌ಟಿಎಲ್, ತ್ರೀಡಿ ಸಿಸ್ಟಮ್ಸ್ ಕಂಪನಿಯ ಮುದ್ರಣ ಯಂತ್ರಕ್ಕಾಗಿ ಹುಟ್ಟಿದ್ದು. ಯಂತ್ರಕ್ಕೆ ಬೇಕಿದ್ದದ್ದು ಆಕಾರ ಒಂದೇ. ಹಾಗಾಗಿ ಎಸ್‌ಟಿಎಲ್‌ನಲ್ಲಿ ಬಣ್ಣವಿಲ್ಲ, ಯುವಿ ಇಲ್ಲ, ಅಳತೆ ಮಿಲಿಮೀಟರೋ ಇಂಚೋ ಎಂಬ ಸೂಚನೆಯೂ ಇಲ್ಲ. ಅದರ ಬೈನರಿ ರೂಪದಲ್ಲಿ ಆರಂಭಕ್ಕೆ 84 ಬೈಟ್, ಆಮೇಲೆ ಪ್ರತಿ ತ್ರಿಕೋನಕ್ಕೆ 50 ಬೈಟ್. ಒಂದು ಘನಾಕೃತಿಗೆ ಬೇಕಾದ 12 ತ್ರಿಕೋನಗಳು 684 ಬೈಟ್‌ಗಳಲ್ಲಿ ಮುಗಿಯುತ್ತವೆ. ಆದರೆ ಘನದ ಎಂಟೇ ಮೂಲೆಗಳು ಅದರಲ್ಲಿ 36 ಸಲ ಬರೆಯಲ್ಪಟ್ಟಿರುತ್ತವೆ, ಏಕೆಂದರೆ ಪಕ್ಕದ ತ್ರಿಕೋನ ಯಾವುದು ಎಂಬ ಸಂಗತಿ ಆ ಫಾರ್ಮ್ಯಾಟ್‌ಗೆ ತಿಳಿಯದು.

ವೇವ್‌ಫ್ರಂಟ್ ಕಂಪನಿಯ ಓಬಿಜೆ ಅದೇ ದಶಕದ್ದು, ಇವತ್ತಿಗೂ ಎಲ್ಲರೂ ಬಳಸುವಂಥದ್ದು. ಅದು ಬರೀ ಪಠ್ಯ. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. 'ವಿ' ಎಂದು ಶುರುವಾಗುವ ಸಾಲಿನಲ್ಲಿ ಒಂದು ಶೃಂಗದ ಮೂರು ನಿರ್ದೇಶಾಂಕಗಳು, 'ವಿಟಿ' ಸಾಲಿನಲ್ಲಿ ಯುವಿ, 'ವಿಎನ್' ಸಾಲಿನಲ್ಲಿ ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಎನ್ನುವ ನಾರ್ಮಲ್, 'ಎಫ್' ಸಾಲಿನಲ್ಲಿ ಯಾವ ಯಾವ ಶೃಂಗ ಸೇರಿ ಒಂದು ಫಲಕವಾಗುತ್ತದೆ ಎಂಬ ಎಣಿಕೆ. ಎಣಿಕೆ ಸೊನ್ನೆಯಿಂದಲ್ಲ, ಒಂದರಿಂದ. ಹೊಸದಾಗಿ ಓಬಿಜೆ ಓದುವ ಪ್ರೋಗ್ರಾಂ ಬರೆಯುವವರು ಎಡವುವ ಮೊದಲ ಜಾಗ ಇದೇ. ಮೆಟೀರಿಯಲ್ ವಿವರ ಎಂಟಿಎಲ್ ಎಂಬ ಪಕ್ಕದ ಫೈಲ್‌ನಲ್ಲಿ, ಚಿತ್ರಗಳು ಮತ್ತೂ ಬೇರೆ ಫೈಲ್‌ಗಳಲ್ಲಿ ಇರುತ್ತವೆ. ಇಮೇಲ್‌ನಲ್ಲಿ ಓಬಿಜೆ ಒಂದನ್ನೇ ಕಳಿಸಿ, ಮಾದರಿ ಬೂದು ಬಣ್ಣದಲ್ಲಿ ಬಂತು ಎಂದು ಆ ಕಡೆಯವರಿಂದ ದೂರು ಕೇಳುವುದು ಈ ವೃತ್ತಿಯಲ್ಲಿ ದಿನನಿತ್ಯದ ಮಾತು. ಎಂಟಿಎಲ್ ಒಳಗೆ ಚಿತ್ರದ ದಾರಿಯನ್ನು ಕಳಿಸಿದವರ ಕಂಪ್ಯೂಟರಿನ ಡಿ ಡ್ರೈವ್‌ನಿಂದ ಶುರುಮಾಡಿ ಬರೆದಿದ್ದರೂ ಫಲ ಅದೇ.

ಆ ಕಾಲದ ಇನ್ನೊಂದು ಫಾರ್ಮ್ಯಾಟ್ ತ್ರೀಡಿಎಸ್. ಡಾಸ್ ಕಾಲದ ತ್ರೀಡಿ ಸ್ಟುಡಿಯೋ ತಂತ್ರಾಂಶದೊಂದಿಗೆ ಬಂದ ಅದರ ಪ್ರತಿ ಮೆಶ್‌ನಲ್ಲಿ 65,536ಕ್ಕಿಂತ ಹೆಚ್ಚು ಶೃಂಗಗಳು ಹಿಡಿಸವು. ಟೆಕ್ಸ್ಚರ್ ಫೈಲ್‌ನ ಹೆಸರು ಎಂಟಕ್ಷರ ಮೀರುವಂತಿಲ್ಲ. ಡಾಸ್ ಹೋಗಿ ಎಷ್ಟೋ ವರ್ಷಗಳಾದರೂ ಆ ಮಿತಿಗಳು ಉಳಿದವು. ಫಾರ್ಮ್ಯಾಟ್ ಹುಟ್ಟಿದ ಕಾಲದ ಇಕ್ಕಟ್ಟು ಫಾರ್ಮ್ಯಾಟ್ ಇರುವಷ್ಟು ದಿನವೂ ಇರುತ್ತದೆ.

ಆಕಾರ ಸುರಕ್ಷಿತವಾಗಿ ದಾಟಿದರೂ ಅದು ನಿಲ್ಲುವ ಭಂಗಿ ತಪ್ಪುವುದುಂಟು. ಮೇಲ್ದಿಕ್ಕು ಯಾವುದು ಎಂಬುದರಲ್ಲೇ ಒಮ್ಮತವಿಲ್ಲ. ಮಾಯಾ, ಹುಡಿನಿ, ಯೂನಿಟಿಗಳಲ್ಲಿ ವೈ ಅಕ್ಷ ಮೇಲ್ಮುಖ. ಮ್ಯಾಕ್ಸ್, ಬ್ಲೆಂಡರ್, ರೈನೋ, ಅನ್‌ರಿಯಲ್‌ಗಳಲ್ಲಿ ಝಡ್ ಮೇಲ್ಮುಖ. ನೆಲದ ಮೇಲೆ ನಕ್ಷೆ ಹಾಸಿ ಎತ್ತರವನ್ನು ಮೂರನೆಯ ಅಕ್ಷವಾಗಿ ಎಣಿಸಿದ ವಾಸ್ತುಶಿಲ್ಪದ ರೂಢಿ ಒಂದು; ಪರದೆಯ ಅಗಲ ಎತ್ತರಗಳನ್ನು ಮೊದಲೆರಡು ಅಕ್ಷವಾಗಿಸಿ ಆಳವನ್ನು ಮೂರನೆಯದಾಗಿಸಿದ ಸಿನಿಮಾದ ರೂಢಿ ಇನ್ನೊಂದು. ಎರಡಕ್ಕೂ ಅದರದರ ತರ್ಕವಿದೆ, ಹಾಗಾಗಿಯೇ ಜಗಳ ಮುಗಿದಿಲ್ಲ. ಅಕ್ಷ ತಪ್ಪಿದರೆ ನಿಂತ ಮನುಷ್ಯ ಅಂಗಾತ ಬೀಳುತ್ತಾನೆ. ಅದು ಕಣ್ಣಿಗೆ ಕಾಣುವ ತಪ್ಪು, ತಿದ್ದುವುದು ಸುಲಭ. ಅಳತೆಯ ತಪ್ಪು ಅಷ್ಟು ಸುಲಭವಾಗಿ ಕಾಣದು. ಮಾಯಾ ಮತ್ತು ಅನ್‌ರಿಯಲ್ ಸೆಂಟಿಮೀಟರ್ ಎಣಿಸುತ್ತವೆ, ಬ್ಲೆಂಡರ್ ಮತ್ತು ಯೂನಿಟಿ ಮೀಟರ್. ಎರಡು ಮೀಟರ್ ಎತ್ತರದ ಬಾಗಿಲು ಎರಡು ಸೆಂಟಿಮೀಟರ್ ಆಗಿ ಬರಬಹುದು, ಇಲ್ಲವೇ ಇನ್ನೂರು ಮೀಟರ್ ಆಗಿ. ಕ್ಯಾಮೆರಾವನ್ನು ಹಿಂದಕ್ಕೋ ಮುಂದಕ್ಕೋ ಸರಿಸಿದರೆ ಚಿತ್ರ ಸರಿಯಾಗಿಯೇ ಕಾಣುತ್ತದೆ. ಆಮೇಲೆ ದೀಪದ ಬೆಳಕು ದೂರಕ್ಕೆ ತಕ್ಕಂತೆ ಕುಗ್ಗುವುದು, ಮೇಣ ಅಥವಾ ಚರ್ಮದೊಳಗೆ ಬೆಳಕು ಹರಡುವುದು, ಬಟ್ಟೆ ಬೀಳುವ ವೇಗ ಒಂದೊಂದೇ ಕೈಕೊಡುತ್ತವೆ. ಆಗ ಕಲಾವಿದರು ದೀಪವನ್ನೂ ಮೆಟೀರಿಯಲನ್ನೂ ತಿದ್ದುತ್ತ ಕೂರುತ್ತಾರೆ, ದೋಷವಿರುವುದು ಅಳತೆಯಲ್ಲಿ.

ಅಕ್ಷಗಳು ಬಲಗೈ ಬೆರಳುಗಳಂತೆ ಹರಡಿವೆಯೋ ಎಡಗೈ ಬೆರಳುಗಳಂತೆಯೋ ಎಂಬುದೂ ಬೇರೆ ಬೇರೆ. ಮಾಯಾ, ಬ್ಲೆಂಡರ್ ಬಲಗೈ ಪದ್ಧತಿಯವು. ಯೂನಿಟಿ, ಅನ್‌ರಿಯಲ್ ಎಡಗೈ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಒಂದು ಅಕ್ಷದ ಚಿಹ್ನೆ ಬದಲಾಗಬೇಕು, ಬದಲಾದರೆ ಫಲಕಗಳ ಸುತ್ತು ತಿರುಗಿ ಒಳಮುಖ ಹೊರಕ್ಕೆ ಬರುತ್ತದೆ, ಅದನ್ನೂ ತಿರುಗಿಸಬೇಕು. ಬ್ಲೆಂಡರ್‌ನಿಂದ ಎಫ್‌ಬಿಎಕ್ಸ್ ಎಂಬ ಫೈಲ್ ಆಗಿ ಯೂನಿಟಿಗೆ ಬಂದ ವಸ್ತುವಿನ ಮೇಲೆ ಋಣ 90 ಡಿಗ್ರಿ ತಿರುಗುವಿಕೆ, 100 ಪಟ್ಟು ಅಳತೆ ಎಂಬ ಸಂಖ್ಯೆಗಳು ಅಂಟಿಕೊಂಡಿರುವುದನ್ನು ಗೇಮ್ ಮಾಡುವವರು ಚೆನ್ನಾಗಿ ಬಲ್ಲರು. ವಸ್ತು ಸರಿಯಾಗಿಯೇ ಕಾಣುತ್ತದೆ, ಆದರೆ ಅದಕ್ಕೆ ಚಲನೆಯ ಕೋಡ್ ಬರೆಯಲು ಕೂತಾಗ ಆ ಸಂಖ್ಯೆಗಳು ಕಾಡುತ್ತವೆ.

ಇದಕ್ಕಿಂತ ನವಿರಾದ ತೊಂದರೆಗಳು ನಾರ್ಮಲ್‌ಗಳಲ್ಲಿವೆ. ನಾಲ್ಕು ಮೂಲೆಯ ಫಲಕವೊಂದು ಪೂರ್ತಿ ಸಮತಟ್ಟಾಗಿಲ್ಲದಿದ್ದರೆ ಅದನ್ನು ಯಾವ ಕರ್ಣದ ಮೇಲೆ ಸೀಳಿ ಎರಡು ತ್ರಿಕೋನ ಮಾಡಬೇಕೆಂಬುದು ಆಯಾ ತಂತ್ರಾಂಶದ ಇಚ್ಛೆ. ಸೀಳು ಬದಲಾದರೆ ನೆರಳು ಬದಲಾಗುತ್ತದೆ. ಉಬ್ಬುತಗ್ಗುಗಳನ್ನು ಚಿತ್ರದಲ್ಲಿ ಅಡಗಿಸುವ ನಾರ್ಮಲ್ ಮ್ಯಾಪ್‌ನಲ್ಲಿ ಹಸಿರು ಚಾನೆಲ್‌ನ ದಿಕ್ಕು ಬ್ಲೆಂಡರ್, ಯೂನಿಟಿಗಳಿಗೆ ಒಂದು, ಅನ್‌ರಿಯಲ್‌ಗೆ ಅದರ ವಿರುದ್ಧ. ಇದು ಅದಲುಬದಲಾದರೆ ಮೊಳೆಯ ತಲೆಗಳು ಗುಳಿಗಳಂತೆ ಕಾಣುತ್ತವೆ. ಈ ಭಾಗದಲ್ಲಿ ಸಮಾಧಾನದ ಸಂಗತಿಯೂ ಉಂಟು. ಮಾರ್ಟನ್ ಮಿಕ್ಕೆಲ್‌ಸನ್ ರೂಪಿಸಿದ ಮಿಕ್‌ಟಿಸ್ಪೇಸ್ ಎಂಬ ಲೆಕ್ಕದ ಕ್ರಮವನ್ನು ಬ್ಲೆಂಡರ್, ಯೂನಿಟಿ, ಅನ್‌ರಿಯಲ್ ಎಲ್ಲವೂ ಒಪ್ಪಿಕೊಂಡಿವೆ. ಕಂಪನಿಗಳು ಸಮಿತಿ ಕಟ್ಟಿ ಒಪ್ಪಂದಕ್ಕೆ ಬಂದದ್ದಲ್ಲ. ಒಬ್ಬರು ಬರೆದ ಕೋಡ್ ಮುಕ್ತವಾಗಿತ್ತು, ಚೆನ್ನಾಗಿತ್ತು, ಎಲ್ಲರೂ ತೆಗೆದುಕೊಂಡರು.

2000ದ ದಶಕದಲ್ಲಿ ಎಲ್ಲವನ್ನೂ ಒಟ್ಟಿಗೆ ಸಾಗಿಸುವ ಎರಡು ಪ್ರಯತ್ನಗಳು ನಡೆದವು. ಸೋನಿ ಕಂಪ್ಯೂಟರ್ ಎಂಟರ್‌ಟೈನ್‌ಮೆಂಟ್‌ನಲ್ಲಿ ಹುಟ್ಟಿ 2004ರಲ್ಲಿ ಬಂದು, ಆಮೇಲೆ ಕ್ರೋನೋಸ್ ಒಕ್ಕೂಟದ ಕೈಸೇರಿದ ಕೊಲಾಡಾ ಮುಕ್ತ ಮಾನಕ. ಎಲ್ಲವೂ ಎಕ್ಸ್‌ಎಂಎಲ್‌ನಲ್ಲಿ, ಎಲ್ಲವೂ ದಾಖಲಿತ. ಇನ್ನೊಂದು ಎಫ್‌ಬಿಎಕ್ಸ್. ಅದು ಮಾಂಟ್ರಿಯಲ್‌ನ ಕೈಡಾರಾ ಕಂಪನಿಯ ಫಿಲ್ಮ್‌ಬಾಕ್ಸ್ ಎಂಬ ಮೋಷನ್ ಕ್ಯಾಪ್ಚರ್ ತಂತ್ರಾಂಶದ ಸ್ವಂತ ಫೈಲ್. ಕೈಡಾರಾವನ್ನು ಏಲಿಯಾಸ್ ಕೊಂಡಿತು, ಏಲಿಯಾಸನ್ನು 2006ರಲ್ಲಿ ಆಟೋಡೆಸ್ಕ್ ಕೊಂಡಿತು. ಎಫ್‌ಬಿಎಕ್ಸ್‌ನ ಒಳರಚನೆಯನ್ನು ಆಟೋಡೆಸ್ಕ್ ಪ್ರಕಟಿಸಲಿಲ್ಲ. ಓದಿ ಬರೆಯಲು ಒಂದು ಪ್ರೋಗ್ರಾಂ ಸಂಗ್ರಹವನ್ನು ಮಾತ್ರ ಕೊಟ್ಟಿತು. ಮುಕ್ತ ಪರವಾನಗಿಯ ಬ್ಲೆಂಡರ್ ಅದನ್ನು ಬಳಸುವಂತಿರಲಿಲ್ಲ, ಹಾಗಾಗಿ ಬೈನರಿ ಫೈಲನ್ನು ಬಿಡಿಸಿ ನೋಡಿ 2013ರಲ್ಲಿ ತಾನೇ ವಿವರ ಬರೆದು ಪ್ರಕಟಿಸಿತು.

ಮುಕ್ತವಾದದ್ದು ಗೆಲ್ಲಬೇಕಿತ್ತು, ಗೆದ್ದದ್ದು ಮುಚ್ಚಿದ್ದು. ಕೊಲಾಡಾ ಒಂದೇ ವಿಷಯವನ್ನು ಹಲವು ರೀತಿಯಲ್ಲಿ ಬರೆಯಲು ಅವಕಾಶ ಕೊಟ್ಟಿತು. ಒಂದು ತಂತ್ರಾಂಶ ಬರೆದ ರೀತಿಯನ್ನು ಇನ್ನೊಂದು ಓದಲಾಗದೆ, ಫೈಲ್ ನಿಯಮಬದ್ಧವಾಗಿದ್ದರೂ ಮಾದರಿ ಮುರಿದುಬರುತ್ತಿತ್ತು. ಎಫ್‌ಬಿಎಕ್ಸನ್ನು ಬರೆಯುವುದೂ ಓದುವುದೂ ಬಹುತೇಕ ಒಂದೇ ಕಂಪನಿಯ ಕೋಡ್ ಆಗಿದ್ದರಿಂದ ಎರಡೂ ತುದಿಗಳು ಹೊಂದಿಕೊಂಡವು. ವಿವರಣೆ ಪ್ರಕಟಿಸುವುದಷ್ಟೇ ಸಾಲದು, ಜೊತೆಗೆ ಎಲ್ಲರೂ ಬಳಸಬಹುದಾದ ಕೋಡ್ ಕೊಡಬೇಕು ಎಂಬುದನ್ನು ಮುಂದೆ ಬಂದ ಫಾರ್ಮ್ಯಾಟ್‌ಗಳು ಕಲಿತದ್ದು ಈ ಸೋಲಿನಿಂದ.

ಚಲನೆಯ ವಿಷಯಕ್ಕೆ ಬಂದರೆ, ಪಾತ್ರದ ಒಳಗಿನ ಮೂಳೆ, ಕೀಲು, ನಿಯಂತ್ರಣಗಳ ಒಟ್ಟು ಜಾಲಕ್ಕೆ ರಿಗ್ ಎನ್ನುತ್ತಾರೆ. ಮೂಳೆಗಳೂ ಅವು ತಿರುಗುವ ಕೋನಗಳೂ ದಾಟುತ್ತವೆ. ಅವುಗಳನ್ನು ಆಡಿಸುವ ಸೂತ್ರಗಳು ದಾಟವು. ಸಿನಿಮಾ ಸ್ಟುಡಿಯೋಗಳು ಇದಕ್ಕೆ ಒರಟಾದ ಆದರೆ ಗಟ್ಟಿಯಾದ ಉಪಾಯ ಹಿಡಿದವು. ಸೋನಿ ಪಿಕ್ಚರ್ಸ್ ಇಮೇಜ್‌ವರ್ಕ್ಸ್ ಮತ್ತು ಲ್ಯೂಕಾಸ್‌ಫಿಲ್ಮ್ 2011ರಲ್ಲಿ ಬಿಡುಗಡೆ ಮಾಡಿದ ಅಲೆಂಬಿಕ್ ಫಾರ್ಮ್ಯಾಟ್, ರಿಗ್ ಗೊಡವೆಯೇ ಬೇಡವೆಂದು ಪ್ರತಿ ಫ್ರೇಮಿನಲ್ಲಿ ಪ್ರತಿ ಶೃಂಗ ಎಲ್ಲಿದೆ ಎಂಬುದನ್ನು ಬರೆದಿಡುತ್ತದೆ. ಇದನ್ನೇ ಬೇಕ್ ಮಾಡುವುದು ಎನ್ನುವುದು. ಫೈಲ್ ದೊಡ್ಡದಾಗುತ್ತದೆ, ಆ ಕಡೆ ಹೋದ ಮೇಲೆ ಪಾತ್ರದ ಕೈಯನ್ನು ತುಸು ಎತ್ತಲಾಗದು, ಆದರೆ ರೆಂಡರರ್‌ಗೆ ಬೇಕಾದ ಆಕಾರ ಕೂದಲೆಳೆಯಷ್ಟೂ ತಪ್ಪದೆ ತಲುಪುತ್ತದೆ.

ಮೆಟೀರಿಯಲ್ ಪ್ರಶ್ನೆ ಇವೆಲ್ಲಕ್ಕಿಂತ ಜಟಿಲ, ಇನ್ನೂ ಪೂರ್ತಿ ಬಗೆಹರಿಯದಿರುವುದೂ ಅದೇ. ಆಕಾರವೆಂದರೆ ಸಂಖ್ಯೆಗಳ ಪಟ್ಟಿ. ಮೆಟೀರಿಯಲ್ ಎಂದರೆ ರೆಂಡರರ್ ನಡೆಸುವ ಲೆಕ್ಕಕ್ಕೆ ಕೊಡುವ ಸೂಚನೆ. ಲೆಕ್ಕವೇ ಬೇರೆಯಾದಾಗ ಸೂಚನೆಗೆ ಅರ್ಥ ಉಳಿಯದು. ಎಂಟಿಎಲ್ ಫೈಲ್‌ನಲ್ಲಿ ಹೊಳಪಿಗೆ ಒಂದು ಘಾತಾಂಕ ಇರುತ್ತದೆ; ಫಾಂಗ್ ಎಂಬ ಹಳೆಯ ಬೆಳಕಿನ ಸೂತ್ರದಿಂದ ಬಂದದ್ದು. ಅದು 198 ಎಂದಿಟ್ಟುಕೊಳ್ಳಿ. ಇಂದಿನ ರೆಂಡರರ್‌ಗಳು ಹೊಳಪನ್ನಲ್ಲ, ಒರಟುತನವನ್ನು ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಕೇಳುತ್ತವೆ. ರೂಢಿಯಲ್ಲಿರುವ ಸೂತ್ರದ ಪ್ರಕಾರ ಘಾತಾಂಕಕ್ಕೆ 2 ಕೂಡಿಸಿ, 2ನ್ನು ಆ ಮೊತ್ತದಿಂದ ಭಾಗಿಸಿ, ವರ್ಗಮೂಲ ತೆಗೆದರೆ 0.1 ಸಿಗುತ್ತದೆ. ಆದರೆ ಡಿಸ್ನಿಯ ಬ್ರೆಂಟ್ ಬರ್ಲಿ 2012ರಲ್ಲಿ ಮಂಡಿಸಿದ ಮೆಟೀರಿಯಲ್ ಮಾದರಿ, ಕಲಾವಿದರು ಕೊಡುವ ಒರಟುತನದ ವರ್ಗವನ್ನು ಲೆಕ್ಕಕ್ಕೆ ಹಿಡಿಯುತ್ತದೆ; ಅದನ್ನು ಅನುಸರಿಸುವ ಕಡೆ ಇದೇ ಹೊಳಪಿಗೆ 0.32ರ ಆಸುಪಾಸು ಬರೆಯಬೇಕು. ಯಾವ ರೂಢಿ ಎಂದು ಫೈಲ್‌ನಲ್ಲಿ ಹೇಳಿರುವುದಿಲ್ಲ. 0.1 ಎಂದೇ ಬರೆದರೆ ಮಸುಕಾದ ಹಿತ್ತಾಳೆ ಕನ್ನಡಿಯಾಗುತ್ತದೆ.

ಬಣ್ಣದಲ್ಲೂ ಇಂಥದೇ ಬಲೆ. ಪರದೆಗಾಗಿ ಮಾಡಿದ ಎಸ್‌ಆರ್‌ಜಿಬಿ ಅಳತೆಯಲ್ಲಿ 0.5 ಎಂದರೆ ಬೆಳಕಿನ ನಿಜವಾದ ಪ್ರಮಾಣದಲ್ಲಿ ಸುಮಾರು 0.21. ಬಣ್ಣದ ಚಿತ್ರಗಳನ್ನು ಹೀಗೆ ಪರಿವರ್ತಿಸಿಯೇ ಓದಬೇಕು. ಒರಟುತನ ಮತ್ತು ನಾರ್ಮಲ್ ಮ್ಯಾಪ್‌ಗಳನ್ನು ಪರಿವರ್ತಿಸದೆ ಇದ್ದಂತೆಯೇ ಓದಬೇಕು. ಜೆಪೆಗ್ ಫೈಲ್ ನೋಡಿದರೆ ಯಾವುದು ಯಾವುದೆಂದು ತಿಳಿಯದು. ಇದರ ಮೇಲೆ ನೋಡ್ ಎಂಬ ಪುಟ್ಟ ಲೆಕ್ಕದ ಘಟಕಗಳ ಜಾಲ ಬೇರೆ. ತುಕ್ಕು ಎಲ್ಲಿ ಹಿಡಿಯಬೇಕು, ಧೂಳು ಎಲ್ಲಿ ಕೂರಬೇಕು ಎಂಬುದನ್ನು ಕಲಾವಿದರು ಹತ್ತಾರು ನೋಡ್ ಜೋಡಿಸಿ ರೂಪಿಸುತ್ತಾರೆ. ಬ್ಲೆಂಡರ್‌ನ ನಾಯ್ಸ್ ನೋಡ್ ಮತ್ತು ಮಾಯಾದ ನಾಯ್ಸ್ ನೋಡ್ ಹೆಸರಿನಲ್ಲಿ ಒಂದೇ, ಕೊಡುವ ಚಿತ್ರ ಒಂದೇ ಅಲ್ಲ. ಹಾಗಾಗಿ ಇಂಥ ಜಾಲವನ್ನೆಲ್ಲ ಚಿತ್ರಗಳಾಗಿ ಬೇಕ್ ಮಾಡಿ ಕಳಿಸುವುದೇ ಸದ್ಯಕ್ಕೆ ನಂಬಬಹುದಾದ ದಾರಿ.

ಪರಿಹಾರದ ಯತ್ನಗಳು ಇಲ್ಲವೆಂದಲ್ಲ. ಸೋನಿ ಇಮೇಜ್‌ವರ್ಕ್ಸ್‌ನ ಓಎಸ್‌ಎಲ್ ಎಂಬ ಶೇಡರ್ ಭಾಷೆ, ಎನ್‌ವಿಡಿಯಾದ ಎಂಡಿಎಲ್ ಇವೆ. ಲ್ಯೂಕಾಸ್‌ಫಿಲ್ಮ್ ಆರಂಭಿಸಿ 2017ರಲ್ಲಿ ಮುಕ್ತಗೊಳಿಸಿದ ಮೆಟೀರಿಯಲ್‌ಎಕ್ಸ್, ನೋಡ್‌ಗಳ ಜಾಲವನ್ನೇ ತಂತ್ರಾಂಶಕ್ಕೆ ಕಟ್ಟುಬೀಳದ ಹಾಗೆ ಬರೆದಿಡುತ್ತದೆ. ಅಡೋಬಿ ಮತ್ತು ಆಟೋಡೆಸ್ಕ್ ತಮ್ಮ ತಮ್ಮ ಮೆಟೀರಿಯಲ್ ಮಾದರಿಗಳನ್ನು ಬೆಸೆದು ರೂಪಿಸಿದ ಓಪನ್‌ಪಿಬಿಆರ್ 2024ರಲ್ಲಿ ಮೊದಲ ಆವೃತ್ತಿ ಕಂಡಿತು. ಎಲ್ಲ ರೆಂಡರರ್‌ಗಳು ಒಂದೇ ಲೆಕ್ಕ ಮಾಡಲು ಒಪ್ಪಿದರೆ ಮಾತ್ರ ಮೆಟೀರಿಯಲ್ ದಾಟೀತು ಎಂಬ ಸತ್ಯವನ್ನು ಕೊನೆಗೂ ಕಂಪನಿಗಳು ಒಪ್ಪಿಕೊಂಡದ್ದರ ಗುರುತು ಅದು.

ಫೈಲ್‌ನ ಹಂಗೇ ಬೇಡವೆಂದು ರೆಂಡರರನ್ನೇ ಮಾಡೆಲಿಂಗ್ ತಂತ್ರಾಂಶದೊಳಗೆ ಪ್ಲಗಿನ್ ಆಗಿ ಕೂರಿಸುವ ದಾರಿಯೂ ಹಳೆಯದೇ. ಬಲ್ಗೇರಿಯಾದ ಕಂಪನಿಯೊಂದರ ವಿ-ರೇ, ಮ್ಯಾಕ್ಸ್, ಸ್ಕೆಚ್‌ಅಪ್, ರೈನೋಗಳೊಳಗೆ ಹೀಗೆ ನೆಲೆಸಿದ್ದರಿಂದಲೇ ವಾಸ್ತುಶಿಲ್ಪಿಗಳಲ್ಲಿ ಮನೆಮಾತಾಯಿತು. ಬಳಸುವವರಿಗೆ ಇದು ಸುಖ, ಬರೆಯುವವರಿಗೆ ಹೊರೆ. ಹತ್ತು ತಂತ್ರಾಂಶಗಳು ಪರಸ್ಪರ ನೇರವಾಗಿ ಮಾತಾಡಬೇಕೆಂದರೆ 90 ಪರಿವರ್ತಕಗಳು ಬೇಕು; ನಡುವೆ ಒಂದು ಸಾಮಾನ್ಯ ಫಾರ್ಮ್ಯಾಟ್ ಇದ್ದರೆ 20 ಸಾಕು.

ಆ ನಡುವಿನ ಜಾಗಕ್ಕೆ ಈಗ ಇಬ್ಬರು ಹಕ್ಕುದಾರರಿದ್ದಾರೆ, ಅದೃಷ್ಟಕ್ಕೆ ಇಬ್ಬರ ಗುರಿಯೂ ಬೇರೆ. ಕ್ರೋನೋಸ್‌ನ ಜಿಎಲ್‌ಟಿಎಫ್ ಮುಗಿದ ಮಾದರಿಯನ್ನು ನೋಡುಗರಿಗೆ ತಲುಪಿಸಲು ಇರುವಂಥದ್ದು. 2017ರ ಎರಡನೆಯ ಆವೃತ್ತಿ ಆಯ್ಕೆಗಳನ್ನೇ ಕಿತ್ತುಹಾಕಿತು: ಅಳತೆ ಮೀಟರ್, ಮೇಲ್ಮುಖ ವೈ, ಬಲಗೈ ಪದ್ಧತಿ, ಮೆಟೀರಿಯಲ್‌ಗೆ ಲೋಹತ್ವ-ಒರಟುತನದ ಒಂದೇ ಮಾದರಿ. ಒರಟುತನ ಹಸಿರು ಚಾನೆಲ್‌ನಲ್ಲಿ, ಲೋಹತ್ವ ನೀಲಿ ಚಾನೆಲ್‌ನಲ್ಲಿ ಎಂಬಷ್ಟರವರೆಗೆ ನಿಗದಿ. ಕೊಲಾಡಾ ಕೊಟ್ಟ ಸ್ವಾತಂತ್ರ್ಯವನ್ನು ಅದೇ ಒಕ್ಕೂಟ ಹೀಗೆ ಹಿಂದಕ್ಕೆ ಪಡೆಯಿತು, ಫಾರ್ಮ್ಯಾಟ್ ಕೆಲಸ ಮಾಡಿತು. 2022ರಲ್ಲಿ ಅದು ಐಎಸ್ಒ ಮಾನಕವೂ ಆಯಿತು.

ಪಿಕ್ಸರ್ 2016ರಲ್ಲಿ ಮುಕ್ತಗೊಳಿಸಿದ ಯುಎಸ್‌ಡಿ, ಮುಗಿಯದ ಕೆಲಸವನ್ನು ಹಲವರು ಕೂಡಿ ಮಾಡಲು ಇರುವಂಥದ್ದು. ಅದರಲ್ಲಿ ದೃಶ್ಯವೆಂದರೆ ಒಂದೇ ಫೈಲ್ ಅಲ್ಲ, ಒಂದರ ಮೇಲೊಂದು ಬರುವ ಪದರಗಳು. ಮಾದರಿಕಾರರು ಒಂದು ಪದರ ಬರೆದರೆ, ಬಣ್ಣದವರು ಅದನ್ನು ಮುಟ್ಟದೆ ಮೇಲೊಂದು ಪದರ ಹಾಕುತ್ತಾರೆ, ಬೆಳಕಿನವರು ಮತ್ತೊಂದು. ಕೆಳಗಿನ ಕುರ್ಚಿ ಬದಲಾದರೆ ಮೇಲಿನ ಕೆಲಸ ಹಾಳಾಗದು. ಇಂಥ ವ್ಯವಸ್ಥೆ ಏಕೆ ಬೇಕಾಯಿತೆಂದು ತಿಳಿಯಲು ಡಿಸ್ನಿ 2018ರಲ್ಲಿ ಸಂಶೋಧಕರಿಗೆ ಬಿಟ್ಟುಕೊಟ್ಟ 'ಮೊವಾನಾ' ಚಿತ್ರದ ದ್ವೀಪದ ದೃಶ್ಯ ನೋಡಬೇಕು. ಒಂದೇ ಮಾದರಿಯ ನಕಲುಗಳನ್ನೂ ಎಣಿಸಿದರೆ ಅದರಲ್ಲಿರುವ ಆಕೃತಿಗಳು 1500 ಕೋಟಿ ಮೀರುತ್ತವೆ. ಮೂಲ ಮಾದರಿ ಒಂದು ಕಡೆ, ಅದು ನಿಲ್ಲುವ ಜಾಗಗಳ ಪಟ್ಟಿ ಇನ್ನೊಂದು ಕಡೆ ಇದ್ದರೆ ಮಾತ್ರ ಅಂಥದ್ದು ಸಾಗೀತು. ಎಲೆಯೆಲೆಯನ್ನೂ ಬಿಡಿಸಿ ಬರೆಯುವ ಫಾರ್ಮ್ಯಾಟ್‌ಗೆ ಅದು ಸಾಧ್ಯವಿಲ್ಲ.

ಯುಎಸ್‌ಡಿಯೂ ಬಲೆಗಳಿಂದ ಹೊರತಲ್ಲ. ಅಳತೆ ಮತ್ತು ಮೇಲ್ಮುಖ ಅಕ್ಷವನ್ನು ಫೈಲ್‌ನಲ್ಲಿ ಬರೆದಿಡುವ ಸೌಲಭ್ಯವಿದೆ, ಆದರೆ ಮೀಟರ್‌ನ ಫೈಲನ್ನು ಸೆಂಟಿಮೀಟರ್‌ನ ದೃಶ್ಯಕ್ಕೆ ಸೇರಿಸಿದರೆ ಅದು ತಾನಾಗಿ ತಿದ್ದಿಕೊಳ್ಳುವುದಿಲ್ಲ. ಮೆಶ್ ಬಗ್ಗೆ ಏನೂ ಹೇಳದೆ ಬಿಟ್ಟರೆ ಅದನ್ನು ನುಣುಪುಗೊಳಿಸಬೇಕಾದ ಕ್ಯಾಟ್ಮಲ್-ಕ್ಲಾರ್ಕ್ ಮೇಲ್ಮೈ ಎಂದೇ ಭಾವಿಸುತ್ತದೆ. ಚೌಕ ಪೆಟ್ಟಿಗೆ ದುಂಡಗೆ ಬಂದರೆ ಕಾರಣ ಇದು. ಆದರೂ ಪಿಕ್ಸರ್, ಅಡೋಬಿ, ಆಪಲ್, ಆಟೋಡೆಸ್ಕ್, ಎನ್‌ವಿಡಿಯಾ 2023ರಲ್ಲಿ ಅದಕ್ಕಾಗಿ ಒಕ್ಕೂಟ ಕಟ್ಟಿದ ಮೇಲೆ ಅದರ ಸ್ಥಾನದ ಬಗ್ಗೆ ಅನುಮಾನ ಉಳಿದಿಲ್ಲ.

ಕಟ್ಟಡ ನಿರ್ಮಾಣಕ್ಕೆ ಐಎಫ್‌ಸಿ ಎಂಬ ಬೇರೆಯೇ ಮಾನಕವಿದೆ. ಅದು ಗೋಡೆಯನ್ನು ಗೋಡೆಯೆಂದು, ಕಿಟಕಿಯನ್ನು ಕಿಟಕಿಯೆಂದು ಗುರುತಿಸಿ ಸಾಗಿಸುತ್ತದೆ. ಆ ಕ್ಷೇತ್ರದಲ್ಲಿ ತಂತ್ರಾಂಶಗಳು ಹೊಂದಿಕೊಳ್ಳದ ನಷ್ಟಕ್ಕೆ ಬೆಲೆ ಕಟ್ಟಿದವರೂ ಇದ್ದಾರೆ. ಅಮೆರಿಕದ ನಿಸ್ಟ್ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಅಧ್ಯಯನ, ಆ ದೇಶದ ದೊಡ್ಡ ಕಟ್ಟಡ ಮತ್ತು ಸ್ಥಾವರಗಳ ಉದ್ಯಮಕ್ಕೆ ವರ್ಷಕ್ಕೆ 1580 ಕೋಟಿ ಡಾಲರ್ ನಷ್ಟವೆಂದು ಅಂದಾಜಿಸಿತು. ಸ್ಮಾರಕಗಳ ದಾಖಲೀಕರಣದಲ್ಲೂ ಪ್ರಶ್ನೆ ಅದೇ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಂಪಿಯನ್ನು ನಡುವಿಟ್ಟುಕೊಂಡು ನಡೆಸಿದ ಡಿಜಿಟಲ್ ಪರಂಪರೆ ಯೋಜನೆಯಂಥ ಕೆಲಸಗಳಲ್ಲಿ ಸ್ಕ್ಯಾನರ್ ಕೊಡುವುದು ಬಿಂದುಗಳ ರಾಶಿ. ಅದನ್ನು ಮೆಶ್ ಮಾಡಿ, ತ್ರಿಕೋನ ಇಳಿಸಿ, ಇಳಿಸಿದಾಗ ಅಳಿಸಿಹೋದ ಕೆತ್ತನೆಯನ್ನು ನಾರ್ಮಲ್ ಮ್ಯಾಪ್‌ಗೆ ಬೇಕ್ ಮಾಡಿದ ಮೇಲೆ ಕಂಬ ಪರದೆಯ ಮೇಲೆ ನಿಲ್ಲುತ್ತದೆ. ನಾಳೆ ಕಲ್ಲಿನ ಸವೆತ ಅಳೆಯಬೇಕೆಂದರೆ ಆ ಇಳಿಸಿದ ಮಾದರಿ ಕೆಲಸಕ್ಕೆ ಬಾರದು, ಮೂಲ ಬಿಂದುರಾಶಿಯೇ ಬೇಕು.

ಹಾಗಾಗಿ ಯಾವ ಫಾರ್ಮ್ಯಾಟ್ ಒಳ್ಳೆಯದು ಎಂಬ ಪ್ರಶ್ನೆಗೆ ಮೊದಲು ಕೇಳಬೇಕಾದದ್ದು ಆ ಕಡೆಯವರು ಏನು ಮಾಡಲಿದ್ದಾರೆ ಎಂದು. ಮುದ್ರಿಸುತ್ತಾರಾದರೆ ಎಸ್‌ಟಿಎಲ್ ಸಾಕು. ಬ್ರೌಸರ್‌ನಲ್ಲಿ ತೋರಿಸಲು ಜಿಎಲ್‌ಟಿಎಫ್, ಗೇಮ್ ಎಂಜಿನ್‌ಗೆ ರಿಗ್ ಸಮೇತ ಕಳಿಸಲು ಇನ್ನೂ ಎಫ್‌ಬಿಎಕ್ಸ್, ಬೇಕ್ ಮಾಡಿದ ಚಲನೆಗೆ ಅಲೆಂಬಿಕ್, ಹಲವು ವಿಭಾಗಗಳ ಸಿನಿಮಾ ಕೆಲಸಕ್ಕೆ ಯುಎಸ್‌ಡಿ. ಕಳಿಸುವ ಮುನ್ನ ಅಳತೆ ಮತ್ತು ಅಕ್ಷ ಗೊತ್ತುಮಾಡಿಕೊಂಡು, ಒಂದು ಮೀಟರಿನ ಘನವೊಂದನ್ನು ಮೊದಲು ದಾಟಿಸಿ ನೋಡುವುದು ಲೇಸು.

ಕಾಪಿಡುವ ಪ್ರಶ್ನೆ ಬೇರೆ. 'ಜುರಾಸಿಕ್ ಪಾರ್ಕ್'ನ ಡೈನೋಸಾರ್‌ಗಳಿಗೆ ಚಲನೆ ಕೊಟ್ಟ ಸಾಫ್ಟ್‌ಇಮೇಜ್ ತಂತ್ರಾಂಶ ಮೈಕ್ರೋಸಾಫ್ಟ್, ಏವಿಡ್, ಆಟೋಡೆಸ್ಕ್ ಎಂದು ಕೈಬದಲಾಗುತ್ತ ಹೋಯಿತು. 2014ರಲ್ಲಿ ಅದರ ಮುಂದಿನ ಆವೃತ್ತಿಯೇ ಕೊನೆಯದೆಂದು ಆಟೋಡೆಸ್ಕ್ ಘೋಷಿಸಿತು. ಅದರ ಮೂಲ ಫೈಲ್‌ಗಳನ್ನು ಇವತ್ತು ಪೂರ್ತಿಯಾಗಿ ತೆರೆಯಬೇಕೆಂದರೆ ಆ ಹಳೆಯ ತಂತ್ರಾಂಶವನ್ನೇ ಹುಡುಕಬೇಕು. ಅದೇ ತಂತ್ರಾಂಶದಿಂದ ಅಂದು ಯಾರಾದರೂ ಓಬಿಜೆ ಆಗಿ ಹೊರತೆಗೆದಿಟ್ಟ ಮೆಶ್, ಮೆಟೀರಿಯಲ್ ಚಲನೆ ಎಲ್ಲ ಕಳೆದುಕೊಂಡಿದ್ದರೂ, ಇಂದಿನ ಬಹುತೇಕ ಎಲ್ಲ ತಂತ್ರಾಂಶಗಳಲ್ಲೂ ತೆರೆದುಕೊಳ್ಳುತ್ತದೆ.